ಅಮ್ಮ ಎಂಬ ತುಂಟಿ

ಸತ್ತವರ ವಿಷಯದಲ್ಲಿ ನಮ್ಮ ಜನ ಬಹಳ ಉದಾರಿಗಳು. ಬದುಕಿರುವಾಗ ಒಂದು ಚೊಂಬು ಮಜ್ಜಿಗೆಗೂ ಲೆಕ್ಕ ಇಟ್ಟವನನ್ನು ಸತ್ತ ಮರುದಿನ ‘ಧರ್ಮಾತ್ಮ’ ಎನ್ನುತ್ತಾರೆ. ಊರೆಲ್ಲ ಕೇಳುವಂತೆ ಜಗಳವಾಡಿದವಳನ್ನು ‘ಬಾಯಿಲ್ಲದ ಹಸು’ ಎನ್ನುತ್ತಾರೆ. ಇದರಲ್ಲಿ ನನಗೆ ಹೆಚ್ಚಿನ ಆಕ್ಷೇಪಣೆಯೇನೂ ಇರಲಿಲ್ಲ. ಹೋದವರನ್ನು ಇನ್ನೇನು ಅನ್ನುವುದು ಎಂದು ಸುಮ್ಮನಿರುತ್ತಿದ್ದೆ. ಆದರೆ 2022ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೂರನೆಯ ದಿನ ನಮ್ಮ ಅಮ್ಮ ತೀರಿಕೊಂಡಾಗ, ಆ ಔದಾರ್ಯ ನಮ್ಮ ಮನೆಗೂ ಬಂತು. ಊರ ಬಾಗಿಲಲ್ಲಿ ಹುಡುಗರು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಅಮ್ಮನ ಬಣ್ಣವನ್ನು ಎರಡು ಪಾಲು ಬಿಳಿದು ಮಾಡಿ, ತಲೆಯ ಹಿಂದೆ ಒಂದು ಪ್ರಭಾವಳಿಯನ್ನು ಇಟ್ಟು, ಕೆಳಗೆ ‘ಶಾಂತಮೂರ್ತಿ, ಸಹನಾಶೀಲೆ, ಸಾಧ್ವೀಮಣಿ’ ಎಂದು ಬರೆಸಿದ್ದರು. ಬಂದವರೆಲ್ಲ ಅದನ್ನೇ ಹೇಳಿದರು. ‘ಒಂದು ದಿನ ನಕ್ಕವರಲ್ಲ, ಆಡಿದವರಲ್ಲ, ದೇವರಂಥವರು’ ಎಂದರು ಒಬ್ಬ ದೂರದ ನೆಂಟರು.

ಒಂದು ದಿನ ನಕ್ಕವಳಲ್ಲವೆ! ನಾನು ಕೇಳುತ್ತ ಕುಳಿತೆ. ಅಮ್ಮ ಹೋದ ದುಃಖ ಒಂದು ಕಡೆಗಾದರೆ, ಅವಳ ಜಾಗದಲ್ಲಿ ಯಾರೋ ಗುರುತಿಲ್ಲದ ಹೆಂಗಸನ್ನು ತಂದು ಕೂರಿಸುತ್ತಿದ್ದಾರಲ್ಲ ಎಂಬ ಸಂಕಟ ಇನ್ನೊಂದು ಕಡೆ. ಈ ಬರಹ ಆ ಸಂಕಟದ್ದು. ನನ್ನ ಅಮ್ಮ ಶಾಂತಮೂರ್ತಿಯಾಗಿರಲಿಲ್ಲ. ಅವಳು ತುಂಟಿ. ಸೊಂಟದ ಮೇಲೆ ಕೈಯಿಟ್ಟು ಹೇಳುವುದಾದರೆ, ಸಾಸಲು ಹೋಬಳಿಯಲ್ಲೇ ಅಂಥ ತುಂಟಿ ಇನ್ನೊಬ್ಬಳಿರಲಿಲ್ಲ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಕೇಂದ್ರ ಎಂಬುದನ್ನು ಬಿಟ್ಟರೆ ಹೆಚ್ಚಿನ ಹೆಸರಿಲ್ಲದ ಊರು. ಕೆಂಪು ಮಣ್ಣು, ರಾಗಿ ಹೊಲ, ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ಜೋಳ, ಅಂಚಿಗೆ ಹರಳು. ಈಚಿನ ದಶಕಗಳಲ್ಲಿ ನೀಲಗಿರಿಯ ತೋಪುಗಳು ಬಂದು ಆ ನೋಟ ಬಹಳ ಬದಲಾಯಿತು. ಅಮ್ಮ ಈ ಊರಿಗೆ ಸೊಸೆಯಾಗಿ ಬಂದವಳು. ಅವಳು ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿರಲಿಲ್ಲ. ‘ಗಾಂಧಿ ಹೋದ ವರ್ಷ ನನಗೆ ಹತ್ತು’ ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ತೀರಿಕೊಂಡಾಗ ಎಂಬತ್ತನಾಲ್ಕು. ಮದುವೆಯಾದಾಗ ಹದಿನಾರು. ಮೂರನೆಯ ಇಯತ್ತೆಯವರೆಗೆ ಓದಿದ್ದಳು. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಅಕ್ಷರ ಬಲ್ಲ ಹೆಂಗಸು ಅವಳೊಬ್ಬಳೇ. ಕುಳ್ಳಗೆ, ಕಪ್ಪಗೆ, ಗುಂಡಗೆ ಇದ್ದಳು. ಬಲಗೆನ್ನೆಯ ಮೇಲೆ ಮಾತ್ರ ಒಂದು ಗುಳಿ. ಎಡಗೆನ್ನೆಯದನ್ನು ಅತ್ತೆ ಕಿತ್ತುಕೊಂಡರೆಂದು ನಮಗೆ ಹೇಳಿ ನಂಬಿಸಿದ್ದಳು.

ಆ ಮೂರನೆಯ ಇಯತ್ತೆಯ ವಿದ್ಯೆಯನ್ನು ಅವಳು ಹೇಗೆ ಬಳಸಿದಳೆಂಬುದನ್ನು ಮೊದಲು ಹೇಳಬೇಕು. ಮದರಾಸಿನಲ್ಲಿ ಅಚ್ಚಾಗುತ್ತಿದ್ದ ‘ಚಂದಮಾಮ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ದೊಡ್ಡಬಳ್ಳಾಪುರದಲ್ಲಿದ್ದ ನನ್ನ ಸೋದರಮಾವ ಕಟ್ಟು ಕಟ್ಟಿ ತಂದು ಕೊಡುತ್ತಿದ್ದರು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ನಮ್ಮ ಜಗಲಿಯಲ್ಲಿ ಏಳೆಂಟು ಹೆಂಗಸರು ಸೇರುವರು. ಹುಣಸೆಹಣ್ಣು ಕುಟ್ಟುವವರು, ಕಡಲೆಕಾಯಿ ಸುಲಿಯುವವರು, ಅವರೆಯ ಕಾಲವಾದರೆ ನೆನೆಹಾಕಿದ ಕಾಳು ಹಿತುಕುವವರು. ಅಮ್ಮ ಗೋಡೆಗೆ ಒರಗಿ ಬೇತಾಳನ ಕಥೆ ಓದುವಳು. ವಿಕ್ರಮ ಹೆಣವನ್ನು ಹೆಗಲ ಮೇಲೆ ಹೊತ್ತು ಹೊರಟನೆಂದರೆ ಸಾಕು, ಕಡಲೆಕಾಯಿ ಸುಲಿಯುವ ಸದ್ದೂ ನಿಲ್ಲುತ್ತಿತ್ತು.

ನನಗೆ ಏಳು ವರ್ಷವಾಗಿ ಕೂಡಿಸಿ ಓದುವುದು ಬಂದ ಹೊಸತು. ಒಂದು ದಿನ ಅಮ್ಮನ ಹೆಗಲ ಮೇಲಿನಿಂದ ಪುಸ್ತಕದೊಳಕ್ಕೆ ಇಣುಕಿದೆ. ಅಮ್ಮ ಓದುತ್ತಿದ್ದ ಕಥೆ ಹೀಗಿತ್ತು: ಒಂದು ಊರಿನಲ್ಲಿ ಒಬ್ಬ ಅತ್ತೆ. ಅವಳು ಸೊಸೆಗೆ ಕೊಡುವ ಮುದ್ದೆಯನ್ನು ದಾರ ಸುತ್ತಿ ಅಳೆಯುತ್ತಿದ್ದಳು. ದಾರ ಒಂದು ಗೇಣು ಮೀರಿದರೆ ಮಿಕ್ಕದ್ದನ್ನು ಚಿವುಟಿ ಮಡಕೆಗೆ ಹಾಕುತ್ತಿದ್ದಳು. ಸೊಸೆಯೋ ಬಸುರಿ. ಹಸಿವು ತಡೆಯದೆ ಅವಳು ದನದ ಬಾನಿಯ ಹಿಂಡಿಯನ್ನು ತಿಂದಳು. ಇಲ್ಲಿಗೆ ಬೇತಾಳ ಕೇಳಿತು: ರಾಜಾ, ಈ ಪಾಪ ಯಾರದು? ಹಿಂಡಿ ತಿಂದವಳದೋ, ದಾರ ಹಿಡಿದವಳದೋ, ದಾರವನ್ನು ನೋಡಿಯೂ ಸುಮ್ಮನಿದ್ದ ಗಂಡನದೋ? ಅಮ್ಮ ಪುಸ್ತಕ ಮುಚ್ಚಿದಳು. ‘ಉತ್ತರ ಮುಂದಿನ ಸಂಚಿಕೆಯಲ್ಲಿ’ ಎಂದಳು.

ಜಗಲಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ದಾರ ಹಿಡಿದವಳಿಗೆ ನರಕ ತಪ್ಪದೆಂದು ಎಲ್ಲರೂ ತೀರ್ಪು ಕೊಟ್ಟರು. ಆ ಗುಂಪಿನಲ್ಲಿ ಮೂಲೆಮನೆಯ ಒಬ್ಬ ಅತ್ತೆಯೂ ಇದ್ದರು. ಅವರು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಅವರೆಕಾಳನ್ನು ಹಿತುಕುವುದನ್ನು ಮಾತ್ರ ನಿಲ್ಲಿಸಿದ್ದರು.

ಪುಸ್ತಕದಲ್ಲಿ ಅತ್ತೆಯೂ ಇರಲಿಲ್ಲ, ಮುದ್ದೆಯೂ ಇರಲಿಲ್ಲ. ಅಲ್ಲಿದ್ದದ್ದು ಯಾವುದೋ ರಾಜಕುಮಾರಿಯ ಸ್ವಯಂವರ. ನಾನು ‘ಅಮ್ಮಾ, ಇದರಲ್ಲಿ...’ ಎಂದು ಬಾಯಿ ತೆರೆಯುವಷ್ಟರಲ್ಲಿ ಅದರೊಳಕ್ಕೆ ಒಂದು ಬೆಲ್ಲದ ಉಂಡೆ ಬಂದು ಬಿತ್ತು. ರಾತ್ರಿ ಮಲಗಿದಾಗ ಕೇಳಿದೆ. ಅಮ್ಮ ಕತ್ತಲಲ್ಲಿ ಕಿಸಕ್ಕೆಂದು ನಕ್ಕು ಹೇಳಿದಳು: ‘ಪುಸ್ತಕದಾಗೆ ಇರೋದನ್ನ ಯಾರ್ ಬೇಕಾದ್ರೂ ಓದ್ತಾರೆ ಕಣೆ. ಇಲ್ದೇ ಇರೋದನ್ನ ಓದೋದೇ ಕಷ್ಟ. ಇನ್ಮೇಲೆ ನೀನೂ ನಾನೂ ಇಬ್ರೇ ಓದು ಬಲ್ಲೋರು. ಬಾಯಿ ಮುಚ್ಕೊಂಡಿರಬೇಕು.’

ಮೂಲೆಮನೆಯ ಸೊಸೆಯ ಮುದ್ದೆ ಆ ಬಳಿಕ ದೊಡ್ಡದಾಯಿತೆ ಎಂದು ನೀವು ಕೇಳಬಹುದು. ಸ್ವಲ್ಪ ಆಯಿತಂತೆ. ಆ ಮಗು ಹುಟ್ಟಿ ಬೆಳೆದು, ನಾನು ಮೇಷ್ಟರಾದ ಮೇಲೆ ನನ್ನ ತರಗತಿಯಲ್ಲೇ ಬಂದು ಕುಳಿತಿತ್ತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಹಾಗೆ ಆಗಲಿಲ್ಲ, ಅವರು ಬೇರೆ ಊರಿಗೆ ಹೋದರು. ಅಮ್ಮನಾಗಿದ್ದರೆ ಕೂರಿಸಿಬಿಡುತ್ತಿದ್ದಳು. ನನಗೆ ಆ ಧೈರ್ಯ ಸಾಲದು.

ಅಂದಿನಿಂದ ನಾನು ಅಮ್ಮನಿಗೆ ಮಗಳಿಗಿಂತ ಹೆಚ್ಚಾಗಿ ಪಾಲುದಾರಳಾದೆ. ಸ್ನೇಹವೆಂದರೆ ಅದೇ ಅಲ್ಲವೆ? ಒಬ್ಬರ ಗುಟ್ಟು ಇನ್ನೊಬ್ಬರ ಬಾಯಲ್ಲಿ ಬೆಲ್ಲದಂತೆ ಕರಗುವುದು.

ನಮ್ಮ ಅಪ್ಪ ಕಟ್ಟುನಿಟ್ಟಿನವರು, ಮಿತಭಾಷಿ. ಸಿನಿಮಾ ಎಂದರೆ ಅವರಿಗೆ ಮನೆ ಮುರಿಯುವ ವಿದ್ಯೆ. ರಾಜಕುಮಾರ್ ಅಭಿನಯದ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ಬಿಡುಗಡೆಯಾಯಿತು. ಅದು ದೊಡ್ಡಬಳ್ಳಾಪುರದಲ್ಲಿ ನಡೆಯುತ್ತಿದೆಯೆಂಬ ಸುದ್ದಿ ನಮ್ಮ ಬೀದಿಗೆ ಬಂದದ್ದು ತಡವಾಗಿ. ಅಮ್ಮ ಅಪ್ಪನ ಮುಂದೆ ನಿಂತು, ತಲೆಯ ಮೇಲೆ ಸೆರಗು ಹೊದ್ದು, ಬಹಳ ಭಕ್ತಿಯಿಂದ ಕೇಳಿದಳು: ‘ದೊಡ್ಡಬಳ್ಳಾಪುರದಲ್ಲಿ ಸತ್ಯ ಹರಿಶ್ಚಂದ್ರನ ಕಥೆ ಐತಂತೆ. ನಾವು ಆರು ಜನ ಹೆಂಗಸರು ಹೋಗಿ ಕೇಳ್ಕೊಂಡು ಬರ್ತೀವಿ.’ ಅಪ್ಪ ಹರಿಕಥೆಯೆಂದು ತಿಳಿದು, ದಕ್ಷಿಣೆಗೆಂದು ಮೇಲೆ ಎಂಟಾಣೆಯನ್ನೂ ಕೊಟ್ಟು ಕಳಿಸಿದರು. ನನ್ನನ್ನೂ ಕರೆದುಕೊಂಡು ಹೋದರು. ಆ ಆರು ಜನರಲ್ಲಿ ಒಬ್ಬಾಕೆ ಮದುವೆಯಾಗಿ ಬಂದ ಮೇಲೆ ತವರುಮನೆಯ ದಾರಿ ಬಿಟ್ಟು ಬೇರೆ ದಾರಿಯನ್ನೇ ನೋಡಿದವಳಲ್ಲ. ಬಸ್ಸಿನ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದು ಅವಳು ಹೊರಗೆ ನೋಡುತ್ತಿದ್ದ ರೀತಿ ನನಗೆ ಚಿತ್ರದ ಸ್ಮಶಾನದ ದೃಶ್ಯಕ್ಕಿಂತ ಚೆನ್ನಾಗಿ ನೆನಪಿದೆ.

ಮರುದಿನ ಅಪ್ಪ ಕೇಳಿದರು, ‘ಯಾರು ದಾಸರು?’

‘ರಾಜಕುಮಾರ್ ಅಂತೆ. ಬಲು ಚೆನ್ನಾಗಿ ನಡೆಸಿಕೊಟ್ರು’ ಎಂದಳು ಅಮ್ಮ.

ಅಪ್ಪ ಎರಡು ಗಳಿಗೆ ಸುಮ್ಮನಿದ್ದರು. ಆಮೇಲೆ ಅವರ ಮೀಸೆ ಅಲುಗಿತು. ಅಪ್ಪ ಸದ್ದು ಮಾಡಿ ನಕ್ಕದ್ದನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಇದು ಮೊದಲನೆಯದು. ‘ಹರಿಶ್ಚಂದ್ರನ ಹೆಸರಿನಲ್ಲೂ ಸುಳ್ಳು ಹೇಳ್ತೀಯಲ್ಲೇ’ ಎಂದರು. ‘ಅದರಲ್ಲಿ ಯಾವ ಅಕ್ಷರ ಸುಳ್ಳು, ತೋರ್ಸಿ’ ಎಂದಳು ಅಮ್ಮ. ನಿಜವೇ. ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಇನ್ನು ಘಾಟಿಯ ಮಾತು. ಪುಷ್ಯಮಾಸದ ಘಾಟಿ ಸುಬ್ರಹ್ಮಣ್ಯದ ತೇರು, ಅದಕ್ಕೆ ಮುಂಚೆ ನೆರೆಯುವ ದನಗಳ ಜಾತ್ರೆ, ನಮ್ಮ ಕಡೆಯ ರೈತರಿಗೆ ವರ್ಷದ ದೊಡ್ಡ ಸಂಗತಿ. ಅಪ್ಪ ಎತ್ತು ಮಾರುವುದಕ್ಕೋ ಕೊಳ್ಳುವುದಕ್ಕೋ ಹೋಗುವಾಗ ನಾವು ಗಾಡಿಯಲ್ಲಿ ಹಿಂದೆ ಹುಲ್ಲಿನ ಮೇಲೆ ಕುಳಿತು ಹೋಗುತ್ತಿದ್ದೆವು. ರಾತ್ರಿ ಚಳಿ, ಬೆಳಗಿನ ಜಾವಕ್ಕೆ ಮಾಕಳಿದುರ್ಗದ ಬೆಟ್ಟ ಮಂಜಿನೊಳಗಿಂದ ಕಪ್ಪಗೆ ಎದ್ದು ನಿಲ್ಲುತ್ತಿತ್ತು.

ಘಾಟಿಯ ಗುಡಿಯಲ್ಲಿ ಒಂದೇ ಶಿಲೆಯಲ್ಲಿ ಎರಡು ದೇವರು. ಸುಬ್ರಹ್ಮಣ್ಯ ಮೂಡಲಿಗೆ ಮುಖ ಮಾಡಿದ್ದಾನೆ, ಲಕ್ಷ್ಮೀನರಸಿಂಹ ಪಡುವಲಿಗೆ. ಹಿಂದಿನ ನರಸಿಂಹನನ್ನು ಭಕ್ತರು ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಅಮ್ಮ ಕೈಮುಗಿದುಕೊಂಡೇ ನನ್ನ ಕಿವಿಯಲ್ಲಿ, ‘ನೋಡು, ಬೆನ್ನಿಗೆ ಬೆನ್ನು ಕೊಟ್ಕೊಂಡು ನಿಂತವ್ರೆ. ಅದಕ್ಕೇ ಇಷ್ಟು ವರ್ಷ ಜಗಳ ಬಂದಿಲ್ಲ. ನಾನೂ ನಿಮ್ಮಪ್ಪನೂ ಹಂಗೇಯ. ನೀನೇ ಕನ್ನಡಿ’ ಎಂದಳು. ಎಂಟು ವರ್ಷದ ನನಗೆ ಅರ್ಥವಾಗಲಿಲ್ಲ, ನಗು ಬಂತು. ಅರ್ಚಕರು ಕಣ್ಣು ಬಿಟ್ಟರು. ಅಮ್ಮ ತಾನೇ ನನ್ನ ತಲೆಗೆ ಮೊಟಕಿ, ‘ದೇವರ ಮುಂದೆ ನಗ್ತಾರೇನೆ’ ಎಂದು ಗದರಿದಳು!

ಆ ಜಾತ್ರೆಯಲ್ಲಿ ಅಮ್ಮ ಕಲಿತು ತಂದ ಒಂದು ವಿದ್ಯೆ ನಮ್ಮಿಬ್ಬರ ಬದುಕಿನ ಕೊನೆಯವರೆಗೆ ಉಳಿಯಿತು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ಒತ್ತಿ, ಬೆಲೆ ಕೇಳುತ್ತಾರೆ, ಏರಿಸುತ್ತಾರೆ, ಇಳಿಸುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಏನೂ ತಿಳಿಯದು. ಅಮ್ಮ ದೂರದಲ್ಲಿ ಗಾಡಿಯ ಮೇಲೆ ಕುಳಿತು ಇದನ್ನು ಗಂಟೆಗಟ್ಟಲೆ ನೋಡಿದಳು. ಊರಿಗೆ ಬಂದ ಮೇಲೆ ನಮಗೆ ನಮ್ಮದೇ ಒಂದು ಭಾಷೆ ಸಿದ್ಧವಾಯಿತು. ಅಮ್ಮನ ಸೆರಗೇ ಟವೆಲು. ಕಿರುಬೆರಳು ಒತ್ತಿದರೆ ‘ನಗಬೇಡ’. ಎರಡು ಬೆರಳು ಹಿಡಿದರೆ ‘ಸಾಕು, ಏಳು, ಹೊರಡೋಣ’. ಇಡೀ ಮುಷ್ಟಿಯನ್ನು ಅಮುಕಿದರೆ ‘ಇವರು ಹೇಳುವುದು ಸುಳ್ಳು’. ಮದುವೆಮನೆ, ಪಂಚಾಯಿತಿ ಕಟ್ಟೆ, ನೆಂಟರ ಪಡಸಾಲೆ, ಎಲ್ಲೇ ಕುಳಿತರೂ ಅಮ್ಮನ ಸೆರಗಿನ ಕೆಳಗೆ ಒಂದು ಸಮಾನಾಂತರ ಸಭೆ ನಡೆಯುತ್ತಿತ್ತು.

ಆಟವೆಂದುಕೊಂಡಿದ್ದ ಈ ಭಾಷೆ ನನ್ನನ್ನು ಒಂದು ಸಲ ಕಾಪಾಡಿತು. ನನ್ನನ್ನು ನೋಡಲು ಮೊದಲು ಬಂದ ಗಂಡಿನ ಕಡೆಯವರು ಬಹಳ ಸೊಗಸಾಗಿ ಮಾತಾಡಿದರು. ಹುಡುಗಿ ಕೆಲಸಕ್ಕೆ ಹೋಗಬಹುದು, ನಮಗೆ ಹಳೇ ಬುದ್ಧಿಯಿಲ್ಲ, ವರದಕ್ಷಿಣೆಯ ಹೆಸರೇ ಬೇಡ ಎಂದರು. ಅಪ್ಪ ಒಪ್ಪಿಯೇಬಿಟ್ಟಿದ್ದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಸೆರಗಿನ ಕೆಳಗೆ ಅಮ್ಮ ನನ್ನ ಮುಷ್ಟಿಯನ್ನು ಅಮುಕಿದಳು, ಮತ್ತೆ ಅಮುಕಿದಳು, ಮೂರನೆಯ ಸಲ ಉಗುರೇ ನಾಟಿತು. ಆಮೇಲೆ ಅಡುಗೆಮನೆಯಿಂದ ಬಂದ ಕಾಫಿಯಲ್ಲಿ ಸಕ್ಕರೆಯ ಬದಲು ಉಪ್ಪು ಇತ್ತು. ಬಂದವರು ಸಹಿಸಿಕೊಂಡು ಕುಡಿಯಲಿಲ್ಲ. ಗಂಡಿನ ತಂದೆ ಲೋಟ ಕುಕ್ಕಿ, ತನ್ನ ಹೆಂಡತಿಯ ಕಡೆಗೆ ತಿರುಗಿ, ಅಷ್ಟು ಹೊತ್ತು ಮುಚ್ಚಿಟ್ಟಿದ್ದ ತನ್ನ ನಿಜವಾದ ದನಿಯಲ್ಲಿ ಒಂದು ಮಾತು ಬೈದರು. ಅಪ್ಪನಿಗೆ ಅಷ್ಟು ಸಾಕಾಯಿತು. ‘ಆಯಾಸದಲ್ಲಿ ಡಬ್ಬಿ ತಪ್ಪಿತು’ ಎಂದು ಅಮ್ಮ ಎಲ್ಲರಿಗೂ ಹೇಳಿದಳು. ನಮ್ಮ ಮನೆಯಲ್ಲಿ ಸಕ್ಕರೆ ಇದ್ದದ್ದು ಅಟ್ಟದ ಮೇಲೆ, ಉಪ್ಪು ಇದ್ದದ್ದು ಒಲೆಯ ಪಕ್ಕದಲ್ಲಿ.

ಅವಳ ತುಂಟತನವೆಲ್ಲ ಹೀಗೆ ಹಣ್ಣು ಬಿಟ್ಟ ಮರವೇ ಆಗಿತ್ತೆಂದು ಬರೆದರೆ ನಾನೂ ಫ್ಲೆಕ್ಸ್ ಬರೆಸಿದಂತೆಯೇ ಆದೀತು. ಅಡ್ಡಹೆಸರು ಇಡುವುದು ಅಮ್ಮನ ಚಟ. ನಮ್ಮ ಶಾಲೆಗೆ ಬಂದ ಉದ್ದನೆಯ, ಸಣಕಲು ಮೇಷ್ಟರೊಬ್ಬರಿಗೆ ‘ಜೋಳದ ದಂಟು’ ಎಂದು ಹೆಸರಿಟ್ಟಳು. ವಾರದೊಳಗೆ ಊರ ಹುಡುಗರೆಲ್ಲ ಅದನ್ನೇ ಕೂಗತೊಡಗಿದರು. ಆ ಸಾಧು ಮನುಷ್ಯರು ಪಾಠ ಮಾಡುತ್ತಿರುವಾಗ ಹಿಂದಿನ ಸಾಲಿನಿಂದ ಯಾರಾದರೂ ದಂಟು ಅಗಿಯುವ ಸದ್ದು ಮಾಡುವರು. ಅವರ ಕಿವಿ ಕೆಂಪಗಾಗುವುದು. ಎರಡು ವರ್ಷದಲ್ಲಿ ಅವರು ವರ್ಗ ಮಾಡಿಸಿಕೊಂಡು ಹೋದರು. ಅಡ್ಡಹೆಸರೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ನಾನು ಸ್ವತಃ ಕರಿಹಲಗೆಯ ಮುಂದೆ ನಿಂತ ಮೇಲೆ ಅವರ ಕಿವಿಯ ಬಣ್ಣ ಹಲವು ಸಲ ನೆನಪಾಗಿದೆ. ಅಮ್ಮನನ್ನು ಕೇಳಿದ್ದೆ. ಬಹಳ ಹೊತ್ತು ಮಾತಾಡದೆ, ಕಡೆಗೆ, ‘ದಂಟು ಸಿಹಿ ಇರ್ತದೆ ಅಂತ ಇಟ್ಟಿದ್ದು’ ಎಂದಳು. ಆ ಉತ್ತರ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ.

ಆದರೆ ಅದೇ ನಾಲಗೆ ಬೇರೆ ಕಡೆ ಸರಿಯಾಗಿ ಬಿದ್ದದ್ದೂ ಉಂಟು. 1983ರಲ್ಲಿ ಮಂತ್ರಿಯಾದ ಅಬ್ದುಲ್ ನಜೀರ್ ಸಾಹೇಬರು ಹಳ್ಳಿ ಹಳ್ಳಿಗೆ ಕೊಳವೆಬಾವಿ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರಷ್ಟೆ. ನಮ್ಮ ಬೀದಿಯ ಕೊನೆಗೂ ಒಂದು ಕೈಪಂಪು ಬಂತು. ಊರಿನವರಿಗೂ ಕೇರಿಯವರಿಗೂ ಅದೊಂದೇ. ಒಬ್ಬ ಹಿರಿಯಾಕೆ, ಕೇರಿಯವರು ಹಿಡಿದ ಹಿಡಿಯನ್ನು ಹುಣಸೆಹಣ್ಣು ಹಾಕಿ ತೊಳೆದ ಮೇಲೆಯೇ ತನ್ನ ಬಿಂದಿಗೆ ಇಡುತ್ತಿದ್ದರು. ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮ ಒಂದು ದಿನ ಬಹಳ ಕಳಕಳಿಯಿಂದ ಅವರ ಪಕ್ಕ ಕುಳಿತು, ‘ಅಜ್ಜೀ, ಹಿಡಿ ತೊಳೆದ್ರಿ, ಸರಿ. ಒಳಗೆ ಇನ್ನೂರು ಅಡಿ ಕೊಳವೆ ಐತಲ್ಲ, ಅದನ್ನ ಯಾರು ತೊಳೀತಾರೆ? ಎಷ್ಟು ಹುಣಸೆಹಣ್ಣು ಬೇಕಾದೀತು ಅಂತೀನಿ’ ಎಂದಳು. ಸುತ್ತ ನಿಂತ ಎರಡೂ ಕಡೆಯ ಹೆಂಗಸರು ಒಟ್ಟಿಗೆ ನಕ್ಕುಬಿಟ್ಟರು. ಹಿರಿಯಾಕೆ ಬೈದುಕೊಂಡೇ ಹೋದರು. ಮರುದಿನದಿಂದ ಹುಣಸೆಹಣ್ಣು ಬರಲಿಲ್ಲ.

1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಶಿಕ್ಷಕಿಯಾದ ನನಗೂ ಅದರ ಕೆಲಸ ಬಂತು. ರಾತ್ರಿ ಎಂಟು ಗಂಟೆಗೆ ನಮ್ಮದೇ ಜಗಲಿಯಲ್ಲಿ ತರಗತಿ. ಮೊದಲ ಮೂರು ರಾತ್ರಿ ಒಬ್ಬ ಹೆಂಗಸೂ ಬರಲಿಲ್ಲ. ಈ ವಯಸ್ಸಿನಲ್ಲಿ ಸ್ಲೇಟು ಹಿಡಿದರೆ ನೋಡಿದವರು ನಗುತ್ತಾರೆಂಬ ನಾಚಿಕೆ. ನಾಲ್ಕನೆಯ ರಾತ್ರಿ ಅಮ್ಮ ಸ್ಲೇಟು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಇಪ್ಪತ್ತೈದು ವರ್ಷ ಅದೇ ಜಗಲಿಯಲ್ಲಿ ಚಂದಮಾಮ ಓದಿದವಳು! ‘ನನಗೆ ಎಲ್ಲಾ ಮರ್ತೋಯ್ತು ಕಣ್ರವ್ವ’ ಎಂದು ಬೀದಿಗೆಲ್ಲ ಸಾರಿದಳು. ‘ಅ’ ಬರೆಯಲು ಹೇಳಿದರೆ ಬಾಲವನ್ನು ಎಡಕ್ಕೆ ಎಳೆದಳು. ಪಕ್ಕದವಳು, ‘ಅಕ್ಕಾ, ಹಂಗಲ್ಲ, ಹಿಂಗೆ’ ಎಂದು ತಿದ್ದಿದಳು. ಅಮ್ಮ ಮತ್ತೆ ತಪ್ಪಿದಳು. ಹಿಂದಿನವಳು ಬಂದು ತಿದ್ದಿದಳು. ಹತ್ತು ದಿನದಲ್ಲಿ ಹದಿನಾಲ್ಕು ಹೆಂಗಸರಾದರು, ಮತ್ತು ಆ ಹದಿನಾಲ್ಕೂ ಜನರಿಗೆ ತಾವು ನಮ್ಮ ಅಮ್ಮನಿಗಿಂತ ಜಾಣೆಯರೆಂಬ ಭರವಸೆ ಹುಟ್ಟಿತ್ತು. ಬೋಧನೆಯ ತರಬೇತಿಗಳಲ್ಲಿ ನಾನು ಏನೇನೋ ಕೇಳಿದ್ದೇನೆ. ಹೀಗೆ ತಪ್ಪು ಮಾಡಿ ಕಲಿಸುವ ಕ್ರಮವನ್ನು ಯಾರೂ ಹೇಳಿಕೊಡಲಿಲ್ಲ.

ಬಳೆ ಚಿಕ್ಕಮ್ಮನ ವಿಷಯವನ್ನು ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡಿದ್ದೇನೆ. ಅಮ್ಮನಿಗೆ ಆಪ್ತಗೆಳತಿಯೆಂದು ಒಬ್ಬರಿದ್ದರೆ ಅದು ಅವರು. ಗೌರಿಬಿದನೂರಿನ ಕಡೆಯವರು, ಮನೆಮಾತು ತೆಲುಗು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತಿಂಗಳಿಗೊಮ್ಮೆ ನಮ್ಮೂರಿಗೆ ಬರುವರು. ಮೊದಲು ನಮ್ಮ ಜಗಲಿಯಲ್ಲಿ ಇಳಿಸುವರು, ಕೊನೆಗೆ ನಮ್ಮ ಜಗಲಿಯಿಂದಲೇ ಏಳುವರು. ಅಮ್ಮ ಅವರ ಹತ್ತಿರ ತೆಲುಗಿನಲ್ಲೂ ಅವರು ಅಮ್ಮನ ಹತ್ತಿರ ಕನ್ನಡದಲ್ಲೂ ಮಾತಾಡುವರು. ಇಬ್ಬರೂ ಇನ್ನೊಬ್ಬರ ಭಾಷೆಯನ್ನು ಬೇಕೆಂದೇ ಕೆಡಿಸಿ ನಗುವರು. ಬಳೆ ತೊಡಿಸುವಾಗ ಒಂದು ಒಡೆದರೆ ‘ಒಡೆಯಿತು’ ಎನ್ನಬಾರದು, ‘ಹೆಚ್ಚಿತು’ ಎನ್ನಬೇಕೆಂಬುದು ನಮ್ಮಲ್ಲಿ ರೂಢಿಯಷ್ಟೆ. ಚಿಕ್ಕಮ್ಮನ ಲೆಕ್ಕ ತಪ್ಪಿಸಲು ಅಮ್ಮ, ‘ಡಜನ್‌ಗೆ ಎರಡು ಹೆಚ್ಚಿದ್ವು, ಅವಕ್ಕೂ ದುಡ್ಡು ಕೊಡಬೇಕಾ, ನೀನೇ ನನಗೆ ಕೊಡಬೇಕಾ’ ಎಂದು ಪ್ರತಿ ಸಲವೂ ತಕರಾರು ಎತ್ತುವಳು.

1996ರಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೆಯ ದಿನ, ನಡೆದು ಬಂದಂತೆ, ಅಮ್ಮನ ಕೈಬಳೆಗಳನ್ನು ತೆಗೆದರು. ನಾನು ಬೇಡವೆಂದೆ, ಹಿರಿಯರು ಕೇಳಲಿಲ್ಲ. ಅಮ್ಮ ಏನೂ ಹೇಳದೆ ಕೈ ಚಾಚಿದಳು. ಅಪ್ಪನನ್ನು ಕಳೆದುಕೊಂಡ ದುಃಖದಲ್ಲಿ ಅವಳಿಗೆ ಬಳೆಯ ಯೋಚನೆಯೇ ಇರಲಿಲ್ಲವೆಂದು ನಾನು ಭಾವಿಸಿದ್ದೆ. ತಿಂಗಳು ಕಳೆದು ಬಳೆ ಚಿಕ್ಕಮ್ಮ ಬಂದರು. ಮಲಾರವನ್ನು ಬೀದಿಯ ಕೊನೆಯಲ್ಲೇ ಯಾರ ಮನೆಯಲ್ಲೋ ಇಳಿಸಿ, ಬರಿಗೈಯಲ್ಲಿ ನಮ್ಮ ಜಗಲಿಗೆ ಬಂದು ಕುಳಿತರು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಅಮ್ಮ ತನ್ನ ಎರಡೂ ಬೋಳು ಮುಂಗೈಗಳನ್ನು ಅವರ ಮಡಿಲಲ್ಲಿ ಇಟ್ಟು, ‘ಎಲ್ಲಾ ಹೆಚ್ಚಿದವಂತೆ ಕಣೆ. ಎಲ್ಲಿ ಹೆಚ್ಚವೆ, ನೀನಾದ್ರೂ ಹುಡುಕಿಕೊಡು’ ಎಂದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಆಗಲೇ. ಅಪ್ಪನ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ.

ಆಮೇಲೆ ಇಬ್ಬರೂ ಸೇರಿ ಏನೋ ಪಿಸುಗುಟ್ಟಿದರು. ಮುಂದಿನ ತಿಂಗಳು ಚಿಕ್ಕಮ್ಮ ಒಂದು ತಾಮ್ರದ ಬಳೆ ತಂದರು. ಅಮ್ಮನಿಗೆ ವಾತವಂತೆ, ಕೀಲು ನೋವಂತೆ, ತಾಮ್ರ ತೊಟ್ಟರೆ ಒಳ್ಳೆಯದಂತೆ. ಔಷಧಕ್ಕೆ ಯಾರು ಬೇಡವೆನ್ನುತ್ತಾರೆ? ಎರಡು ತಿಂಗಳಾದ ಮೇಲೆ ತಾಮ್ರದ ಬಳೆ ಕೆಲಸ ಮಾಡುವಾಗ ಜಾರುತ್ತದೆಂದು ತಡೆಗೆ ಮುಂದೊಂದು ಗಾಜಿನ ಬಳೆ ಬಂತು. ಮುಂದೆ ತಡೆದರೆ ಹಿಂದಕ್ಕೆ ಸರಿಯುತ್ತದಲ್ಲ, ಹಿಂದೊಂದು ಬಂತು. ಬಲಗೈಯ ವಾತ ಎಡಗೈಗೂ ಹರಡಿತು. ವರ್ಷ ತುಂಬುವಷ್ಟರಲ್ಲಿ ಅಮ್ಮನ ಎರಡು ಕೈಯಲ್ಲೂ ಹಸಿರು ಗಾಜು ಸದ್ದು ಮಾಡುತ್ತಿತ್ತು, ಮತ್ತು ಯಾವ ದಿನ ಯಾರಿಗೆ ಆಕ್ಷೇಪಿಸಬೇಕಿತ್ತೆಂಬುದು ಊರಿಗೆ ತಿಳಿಯಲೇ ಇಲ್ಲ. ಒಬ್ಬಿಬ್ಬರು ಕೊಂಕು ಆಡಿದರು. ಅಮ್ಮ ಮೊಣಕೈ ಹಿಡಿದುಕೊಂಡು ‘ಅಯ್ಯಪ್ಪಾ’ ಎಂದು ನರಳಿದಳು. ಆ ವರ್ಷ ನಮ್ಮ ಬೀದಿಯಲ್ಲಿ ಇನ್ನೂ ಮೂವರು ವಿಧವೆಯರಿಗೆ ವಾತ ಬಂತು.

ನಾನು ಸಭೆಗಳಲ್ಲಿ ಇಂಥ ಪದ್ಧತಿಗಳ ವಿರುದ್ಧ ಗಟ್ಟಿಯಾಗಿ ಮಾತಾಡಿದವಳು. ಅಮ್ಮ ಒಂದೂ ಮಾತಾಡದೆ ನಾಲ್ಕು ಕೈಗಳಿಗೆ ಬಳೆ ತೊಡಿಸಿದಳು. ಯಾವುದು ಮೇಲೆಂದು ನಾನು ಹೇಳುವುದಿಲ್ಲ. ಎರಡೂ ಬೇಕೇನೋ.

ಕೊನೆಯ ದಿನಗಳು ದೀರ್ಘವಾಗಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನದವರೆಗೂ ಅವರೆಕಾಯಿ ಸುಲಿದಳು. ಹಬ್ಬದ ದಿನ ಮಲಗಿದವಳು ಏಳಲಿಲ್ಲ. ಊಟ ಬಿಟ್ಟಳು, ಮಾತೂ ನಿಂತಿತು. ನಾನು ಪಕ್ಕದಲ್ಲಿ ಕುಳಿತು ಕಂಬಳಿಯೊಳಗೆ ಅವಳ ಕೈ ಹಿಡಿದುಕೊಂಡಿದ್ದೆ. ನೋಡಲು ಬಂದಿದ್ದ ಹಿರಿಯ ನೆಂಟರೊಬ್ಬರು ತಲೆದೆಸೆಯಲ್ಲಿ ನಿಂತು, ಸಂಸಾರದ ಅಸಾರತೆಯನ್ನೂ ದೇಹದ ನಶ್ವರತೆಯನ್ನೂ ಕುರಿತು ದೊಡ್ಡ ದನಿಯಲ್ಲಿ ಉಪದೇಶ ಆರಂಭಿಸಿದರು. ಅರ್ಧ ಗಂಟೆಯಾದರೂ ನಿಲ್ಲಿಸಲಿಲ್ಲ. ನಡುವೆ ಒಮ್ಮೆ ಕಾಫಿ ಕುಡಿದು ಮುಂದುವರಿಸಿದರು. ಅಮ್ಮನ ಕಣ್ಣು ಮುಚ್ಚಿಯೇ ಇತ್ತು. ‘ಆಸೆಯನ್ನು ಬಿಡಬೇಕು’ ಎಂದು ಅವರು ಎರಡನೆಯ ಲೋಟ ಕಾಫಿಗೆ ಕೈ ಚಾಚಿದ ಗಳಿಗೆಯಲ್ಲಿ, ಕಂಬಳಿಯೊಳಗೆ ನನ್ನ ಕಿರುಬೆರಳನ್ನು ಯಾರೋ ಒತ್ತಿದಂತಾಯಿತು. ಬಹಳ ಮೆಲ್ಲಗೆ. ನಾನು ಅಮ್ಮನ ಮುಖ ನೋಡಿದೆ. ಏನೂ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿತು.

ನಗಬೇಡವೆಂದು ಹೇಳಿದರೆ ನಗು ಬರದೆ ಇರುತ್ತದೆಯೆ? ಬಾಯಿಗೆ ಸೆರಗು ಮುಚ್ಚಿಕೊಂಡು ನಾನು ನಡುಗಿದ್ದನ್ನು ಕಂಡು ಎಲ್ಲರೂ ಅಳುತ್ತಿದ್ದೇನೆಂದು ತಿಳಿದರು. ನೆಂಟರು ನನಗೂ ಸಮಾಧಾನ ಹೇಳಿದರು. ಆ ರಾತ್ರಿ ಎರಡು ಗಂಟೆಗೆ ಅಮ್ಮ ಹೋದಳು.

ವರ್ಷ ತುಂಬಿದ ಮೇಲಿನ ಮೊದಲ ಪಿತೃಪಕ್ಷ, 2023ರ ಮಹಾಲಯ ಅಮಾವಾಸ್ಯೆಯ ದಿನ, ಅಪ್ಪನ ಜೊತೆಗೆ ಅಮ್ಮನಿಗೂ ಎಡೆ ಇಟ್ಟೆವು. ಹೊಸ ಸೀರೆ, ಅವಳಿಗೆ ಇಷ್ಟವಾದ ಹಿತುಕಿದ ಬೇಳೆಯ ಸಾರು ಆ ಕಾಲದಲ್ಲಿ ಎಲ್ಲಿ ಸಿಗಬೇಕು, ಅದಕ್ಕೆ ಬದಲು ಕಡಲೆಕಾಯಿ ಉಂಡೆ, ಒಂದು ಲೋಟ ಕಾಫಿ. ವಿಭೂತಿಯ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಸೇದುತ್ತಿದ್ದ ನಶ್ಯವನ್ನೂ ಒಂದು ಚೀಟಿಯಲ್ಲಿ ಇಟ್ಟೆ. ತಮ್ಮ ನೋಡಿಯೂ ನೋಡದಂತಿದ್ದ. ಇನ್ನೇನು ಆರತಿ ಎತ್ತಬೇಕು, ಹೊರಗೆ ಕೆಮ್ಮು ಕೇಳಿಸಿತು. ಬಳೆ ಚಿಕ್ಕಮ್ಮ. ಮಲಾರ ಹೊರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಬೆನ್ನು ಪೂರ್ತಿ ಬಾಗಿದೆ. ಆ ವರ್ಷ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಇಲ್ಲವಾಗಿತ್ತಲ್ಲ, ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ‘ಅವಳಿದ್ದಾಗ ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದೆ, ಇಲ್ಲದಾಗ ಬಿಟ್ಟಿ ಬಂದೆ. ಈ ಗಿರಾಕಿಯಿಂದ ನನಗೆ ಯಾವತ್ತೂ ನಷ್ಟವೇ’ ಎಂದು ಗೊಣಗುತ್ತ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ್ದ ಒಂದು ಡಜನ್ ಹಸಿರು ಗಾಜಿನ ಬಳೆಗಳನ್ನು ಎಣಿಸಿ ಎಡೆಯ ಪಕ್ಕದಲ್ಲಿಟ್ಟರು. ಹನ್ನೆರಡಲ್ಲ, ಹದಿನಾಲ್ಕು ಇದ್ದವು.

ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾಯಾದಿಗಳ ಪೈಕಿ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ‘ಗಂಡ ಮುಂಚೆ ಹೋದ ಹೆಂಗಸಿನ ಎಡೆಗೆ ಬಳೆ ಇಡೋದುಂಟೇನಮ್ಮ?’ ಎಂದು ಕೇಳಿದರು.

ಚಿಕ್ಕಮ್ಮ ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ ಅವರ ಕಡೆ ತಿರುಗಿದರು.

‘ವಾತಕ್ಕೆ ಕಣಪ್ಪ’ ಎಂದರು.